ಜೈಲಿನಲ್ಲಿ ಬೆಳೆದ ರೇಷ್ಮೆ

ಜನರನ್ನು ಕೂಡಿಹಾಕುವ ಕಡೆ ನಗು ಎಲ್ಲಿಂದ ಬರಬೇಕು ಅನ್ನುತ್ತೀರಿ; ನಮ್ಮಲ್ಲಿ ಮಾತ್ರ ಬರುತ್ತಲೇ ಇತ್ತು. ಐವತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದ ಕಡೆ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ. ಹಿಂದೆಯೇ, ಅವರದೇ ಸುಪರ್ದಿಯಲ್ಲಿ, ಎರಡು ಕೋಣೆಯ ಸಬ್‌ಜೈಲು. ಈಗ ನೆನೆದರೆ ಅದೆಲ್ಲ ಮಧ್ಯಾಹ್ನದ ಜೊಂಪಿನಲ್ಲಿ ಕಂಡದ್ದೇನೋ ಅನ್ನಿಸುತ್ತದೆ.

೧. ತಲೆ ಎಣಿಕೆ

ಪಕ್ಕದ ತೋಟದ ಹಿಪ್ಪುನೇರಳೆ ಸೊಪ್ಪು ಕದ್ದ ರೈತನೊಬ್ಬನಿಗೆ ಹದಿನೈದು ದಿನ ಸಜೆಯಾಯಿತು. ಬಂದವನೇ ಅಮಲ್ದಾರರ ಕಾಲು ಹಿಡಿದ.

"ಹುಳ ಕೊನೇ ಜ್ವರ ಬಿಟ್ಟು ಎದ್ದೈತೆ ಸಾಮಿ. ಹೆಂಡ್ರು ಬಾಣಂತಿ. ಸೊಪ್ಪು ಹಾಕೋರಿಲ್ದೆ ಎಲ್ಲಾ ಸಾಯ್ತವೆ."

ಜ್ವರ ಅಂದರೆ ರೇಷ್ಮೆಹುಳು ಪೊರೆ ಕಳಚುವ ಹೊತ್ತು. ಕೊನೆಯದಾದ ಮೇಲೆ ವಾರವಿಡೀ ಅದು ಮೇಯುತ್ತಲೇ ಇರಬೇಕು. ಸಣ್ಣ ತಪ್ಪಿಗೆಲ್ಲ ಜನರನ್ನು ಒಳಗೆ ಹಾಕಬಾರದು ಅನ್ನುವವರು ನಮ್ಮ ಅಮಲ್ದಾರರು. "ನಿನ್ನನ್ನ ಬಿಡೋ ಅಧಿಕಾರ ನನಗಿಲ್ಲ. ಹುಳು ಒಳಗೆ ಬರಬಾರದು ಅಂತ ಯಾವ ಕಾನೂನೂ ಇಲ್ಲ" ಎಂದರು. ಹುಳುವಿನ ತಟ್ಟೆಗಳು, ಅವನ ಮನೆಯಲ್ಲಿದ್ದಷ್ಟು ಸೊಪ್ಪು ಗಾಡಿಯಲ್ಲಿ ಬಂದವು.

ದಿನಾ ಕೈದಿಗಳ ತಲೆ ಎಣಿಸುವ ವಾರ್ಡರ್ ಕಂಗಾಲಾದ. "ಇವನ್ನೂ ಎಣಿಸಬೇಕಾ ಸ್ವಾಮಿ?"

"ಓಡಿಹೋದವನ್ನ ಮಾತ್ರ ಎಣಿಸಪ್ಪ" ಎಂದರು ಅಮಲ್ದಾರರು.

೨. ಫಿರ್ಯಾದಿ

ಇಸ್ಪೀಟಾಡಿ ಸಿಕ್ಕವರಿಬ್ಬರು, ಟಿಕೆಟ್ಟಿಲ್ಲದೆ ರೈಲು ಹತ್ತಿದವನೊಬ್ಬ ಆಗಲೇ ಒಳಗಿದ್ದರು. ಅವರೂ ಸೊಪ್ಪು ಹಾಕಲು ನಿಂತರು. ಹುಳು ಮೇಯುವ ಸದ್ದು ಸೋನೆಮಳೆಯಂತೆ ನನ್ನ ಮೇಜಿನವರೆಗೂ ಬರುತ್ತಿತ್ತು. ಕೇಳುತ್ತ ಕೇಳುತ್ತ ಕಡತದ ಮೇಲೆಯೇ ಎಲ್ಲೋ ತೇಲಿಹೋಗುತ್ತಿದ್ದೆ. ಅಷ್ಟು ಸುಖ ನನಗೆ ಮನೆಯಲ್ಲೂ ಸಿಕ್ಕಿರಲಿಲ್ಲ.

ನಾಲ್ಕನೇ ದಿನ ಸದ್ದು ನಿಂತಿತು. ಸೊಪ್ಪು ಮುಗಿದಿತ್ತು. ಅದೇ ಹೊತ್ತಿಗೆ ದೂರು ಕೊಟ್ಟಿದ್ದ ತೋಟದ ಯಜಮಾನರು, ಕಳ್ಳನಿಗೆ ಜೈಲಲ್ಲಿ ಉಪಚಾರ ನಡೆದಿದೆಯಂತೆ ಎಂದು ಜಗಳಕ್ಕೆ ಬಂದರು. ತಟ್ಟೆ ನೋಡಿದ್ದೇ ಜಗಳ ಮರೆತುಹೋಯಿತು.

"ಥೂ ನಿನ್ನ! ಹುಳ ಹಸ್ಕೊಂಡು ತಲೆ ಎತ್ತಿ ನೋಡ್ತಾ ಐತಲ್ಲೋ!"

ಸಂಜೆಯೊಳಗೆ ಅವರದೇ ತೋಟದ ಸೊಪ್ಪು ಗಾಡಿ ತುಂಬ ಬಂತು.

"ಇವನು ಮೊದಲೇ ಕೇಳಿದ್ರೆ ಕೊಡ್ತಿದ್ರಾ?" ಎಂದರು ಅಮಲ್ದಾರರು.

"ಇವನು ಕೇಳಿದ್ರೆ ಎಲ್ಲಿ ಕೊಡ್ತಿದ್ದೆ? ಹುಳ ಕೇಳ್ತಲ್ಲ ಸ್ವಾಮಿ!"

೩. ಬಿಡುಗಡೆ

ಇವರನ್ನೆಲ್ಲ ಬಿಟ್ಟುಬಿಡೋಣವೆಂದು ಅಮಲ್ದಾರರು ಮೇಲಿನವರಿಗೆ ಬರೆಯುತ್ತಲೇ ಇದ್ದರು. ಒಂಬತ್ತನೇ ದಿನ ಹುಕುಂ ಬಂತು: ನಾಲ್ವರಿಂದಲೂ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡಿ. ಅಮಲ್ದಾರರು ಹಿಗ್ಗಿಹೋಗಿ ತಾವೇ ಬೀಗ ತೆಗೆದರು. ಒಬ್ಬನೂ ಕದಲಲಿಲ್ಲ. ಹುಳುಗಳು ಮೇವು ಬಿಟ್ಟು ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಹತ್ತಿ ನೂಲು ಬಿಡುತ್ತಿದ್ದವು.

"ಈಗ ಅಲ್ಲಾಡಿಸಬಾರ್ದು ಸಾಮಿ. ಬಾಗ್ಲು ಮೆಲ್ಲಗೆ ಹಾಕ್ಕೊಂಡ್ಹೋಗಿ" ಎಂದ ರೈತ.

ಬೀಗವಿಲ್ಲದ ಜೈಲಿನಲ್ಲಿ ನಾಲ್ವರು ಸ್ವತಂತ್ರರು ಐದು ದಿನ ಕೂತರು. ನಾನೂ ಕಡತ ಬಿಟ್ಟು ಹೋಗಿ ಕೂರುತ್ತಿದ್ದೆ. ಹುಳುಗಳು ತಮ್ಮ ಸುತ್ತ ತಾವೇ ಮಂಜು ಸುತ್ತಿಕೊಂಡು ಮೆಲ್ಲಗೆ ಮರೆಯಾಗುವುದನ್ನು ಎಲ್ಲರೂ ಸುಮ್ಮನೆ ನೋಡುತ್ತಿದ್ದೆವು.

ಗೂಡು ಗಟ್ಟಿಯಾಗಿ, ಹೊಂಬಣ್ಣಕ್ಕೆ ಬಂತು. ಗಾಡಿಗೇರಿಸಿ ರೈತ ಕೈಮುಗಿದ. ಕಣ್ಣಲ್ಲಿ ನೀರಿತ್ತು.

"ಇನ್ನು ಈ ಕಡೆ ಬರಬೇಡಪ್ಪ" ಎಂದರು ಅಮಲ್ದಾರರು.

"ಹಂಗನ್ಬ್ಯಾಡಿ ಸಾಮಿ. ಮನೇಲಿ ಯಾವತ್ತೂ ಇಂಥ ಬೆಳೆ ಆಗಿರ್ಲಿಲ್ಲ. ಸರ್ಯಾಗಿ ಹದಿನೈದೇ ದಿನ ಬೀಳೋ ಅಂಥ ತಪ್ಪು ಯಾವ್ದಾದ್ರೂ ಇದ್ರೆ ಹೇಳ್ಬಿಡಿ, ಮುಂದಿನ ಬೆಳೆಗೆ ಮಾಡ್ಕೊಂಡ್ ಬರ್ತೀನಿ!"