ಹದಿಮೂರು ಮೈಲಿಗೆ ಒಂದು ಮೊಣಕಾಲು

ನಾನು ಸತ್ತ ಸುದ್ದಿಯನ್ನು ನನಗೆ ಮೊದಲು ಹೇಳಿದವನು ಕುರುಗೋಡಿನ ಒಬ್ಬ ಬಂಡಿಯವನು. ಕಾಲು ಕೆಟ್ಟ ಮನುಷ್ಯನಿಗೆ ಇಂಥವು ಒಂದರ ಹಿಂದೊಂದು ಬರುತ್ತವೆ. ಒಂದಕ್ಕೆ ಅತ್ತು ಮುಗಿಸುವುದರೊಳಗೆ ಇನ್ನೊಂದು ನಗಿಸಲು ಬಂದು ನಿಂತಿರುತ್ತದೆ. ಶಿವನ ಚಿತ್ತ.

ಎಪ್ಪತ್ತರ ದಶಕದ ಮಾತು. ಆಗ ನಾನು ಬಳ್ಳಾರಿಯಲ್ಲಿ ಪೇದೆ. ಮನೆ ಗಾಂಧಿನಗರದ ಹಿಂದಿನ ಓಣಿ. ನಮ್ಮ ಪಡೆಯವರು ವರ್ಷಕ್ಕೊಮ್ಮೆ ಮೂರು ತಾಸಿನೊಳಗೆ ಹದಿಮೂರು ಮೈಲಿ ಓಡಿ ತೋರಿಸಬೇಕಿತ್ತು. ತಪ್ಪಿದವನಿಗೆ ನೌಕರಿ ಇಲ್ಲ. ಹಿಂದಿನ ವರ್ಷ ತಪ್ಪಿದವನ ಸಮವಸ್ತ್ರವನ್ನು ಅವನ ಹೆಂಡತಿ ಒಗೆದು, ಮಡಿಸಿ, ತಂದು ಒಪ್ಪಿಸಿ ಹೋಗಿದ್ದಳು. ನಾವೆಲ್ಲ ಸಾಲಾಗಿ ನಿಂತು ನೋಡಿದ್ದೆವು. ನನ್ನ ಮನೆಯಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ತಾಯಿ.

೧. ಕೂಡಿಸಿದ್ದು

ಕುರುಗೋಡಿಗೆ ಬಂದೋಬಸ್ತಿಗೆ ಹೋದಾಗಲೂ ಓಟದ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಕಲ್ಲು ಎಡವಿ ಬಿದ್ದು ಎಚ್ಚರ ತಪ್ಪಿದೆ. ಮುಂದಿನದನ್ನು ಆ ಬಂಡಿಯವನು ದವಾಖಾನೆಗೆ ನನ್ನನ್ನು ನೋಡಲು ಬಂದು ಹೇಳಿದ.

"ಉಸುರು ಐತೋ ಇಲ್ಲೋ ತಿಳೀಲಿಲ್ರಿ. ಅಂಗಿ ಸರಿಸಿ ನೋಡಿದೆ, ಕೊರಳಾಗ ಲಿಂಗ. ನಮ್ಮವ್ರು ಅಂದಮ್ಯಾಲೆ ಮಲಗಿಸಿ ಒಯ್ಯೋದು ಹ್ಯಾಂಗ್ರಿ?"

ನಮ್ಮ ಲಿಂಗಾಯತರಲ್ಲಿ ಹೋದವರನ್ನು ಕೂಡಿಸಿಯೇ ಮಣ್ಣು ಮಾಡುವುದು. ಮೈ ಸೆಟೆದ ಮೇಲೆ ಕಷ್ಟವೆಂದು ಆ ಪುಣ್ಯಾತ್ಮ ಬಂಡಿಯಲ್ಲೇ ನನ್ನ ಕಾಲು ಮಡಚಿ, ಪದ್ಮಾಸನ ಹಾಕಿಸಿ, ಹಗ್ಗದಿಂದ ಬಿಗಿದಿದ್ದ. ಊರು ಮುಟ್ಟುವ ಮೊದಲೇ ನೋವಿಗೆ ನಾನು ಕಿರುಚಿಕೊಂಡು ಕಣ್ಣು ಬಿಟ್ಟೆ. ಅವನು ಬಂಡಿ ಬಿಟ್ಟು ಹೊಲ ಬಿದ್ದು ಓಡಿದ.

ಡಾಕ್ಟರು ಮೊಣಕಾಲು ಒತ್ತಿ ನೋಡಿ ಹೇಳಿದರು: "ಬಿದ್ದದ್ದಕ್ಕ ಹಣಿ ಒಡದೈತಿ, ಅಷ್ಟ. ಮೊಣಕಾಲು ಹೋಗಿದ್ದು ನಿಮ್ಮ ಅಂತ್ಯಕ್ರಿಯೆದಾಗ."

೨. ಸುದ್ದಿ ಒಯ್ದವನು

ನಾಲ್ಕು ತಿಂಗಳು ಕಾಲು ನೆಲಕ್ಕೆ ಊರಲಿಲ್ಲ. ಓಟಕ್ಕೆ ಎರಡೂವರೆ ತಿಂಗಳು ಉಳಿದಿತ್ತು. ರಜೆಯ ಕೊನೆಯ ದಿನಗಳಲ್ಲಿ ಸಿರುಗುಪ್ಪದ ಅತ್ತೆಮನೆಯಲ್ಲಿದ್ದೆ. ಬೆಳಗಿನ ಲಿಂಗಪೂಜೆ ಮುಗಿಸಿ ಕೆಂಚನಗುಡ್ಡದ ದಾರಿ ಹಿಡಿಯುತ್ತಿದ್ದೆ. ಮೊದಲ ದಿನ ಎರಡು ಫರ್ಲಾಂಗಿಗೇ ಕಣ್ಣೀರು ಬಂತು. ಮೂರನೆಯ ವಾರ ಕುಂಟುತ್ತ ಆ ಊರು ಮುಟ್ಟಿದೆ.

ಆಗೆಲ್ಲ ಹಳ್ಳಿಗೆ ಹಾಗೆ ಏದುಸಿರು ಬಿಡುತ್ತ ಓಡಿ ಬರುವವನು ಸಾವಿನ ಸುದ್ದಿ ತರುವವನು ಮಾತ್ರ. ಅಂಗಳ ಸಾರಿಸುತ್ತಿದ್ದ ಹೆಂಗಸೊಬ್ಬಳು ಕೇಳಿದಳು: "ಯಪ್ಪಾ, ಯಾರು ಹೋದ್ರು?"

ನನಗೆ ದಮ್ಮಿಲ್ಲ. ತಾಳವ್ವಾ ಎನ್ನುವಂತೆ ಕೈ ಎತ್ತಿದೆ. ಕೈ ಸಿರುಗುಪ್ಪದ ಕಡೆಗಿತ್ತು.

"ಅಯ್ಯೋ, ನಮ್ಮಣ್ಣಾ!"

"ಯಾರೂ ಸತ್ತಿಲ್ಲವ್ವಾ" ಎನ್ನುವಷ್ಟು ಉಸಿರು ಬರುವುದರೊಳಗೆ ಇಡೀ ಓಣಿ ಅಳುತ್ತಿತ್ತು. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಆಕೆ ಸಿಕ್ಕ ಬಸ್ಸು ಹತ್ತಿ ಹೋದಳು.

ಸಂಜೆ ಆ ಅಣ್ಣ ಕೋಲು ಹಿಡಿದು ಅತ್ತೆಮನೆಯ ಬಾಗಿಲಿಗೆ ಬಂದ. "ನನ್ನ ಸುದ್ದಿ ಒಯ್ದವ ನೀನೇನ್ಲೇ?"

"ತಪ್ಪಾತ್ರಿ ಯಜಮಾನ್ರ."

ಕೋಲು ಕೆಳಗಿಟ್ಟು ಕುಳಿತ. ಆಮೇಲೆ, "ಆರು ವರ್ಷ ಆಗಿತ್ತು ಆಕಿ ನನ್ನ ಹೊಸ್ತಿಲಾ ತುಳದು. ಇವತ್ತು ಅಳಕೊಂತ ಬಂದ್ಲು. ನಾ ಉಣ್ಣೋದು ನೋಡಿ ಬೈಕೊಂತ ತಾನೂ ಉಂಡ್ಲು" ಎಂದ. ಏಳುವಾಗ ಮೆಲ್ಲಗೆ ಕೇಳಿದ: "ಕುರುಗೋಡಿನಾಗ ತಮ್ಮ ಒಬ್ಬ ಅದಾನ, ಅವನೂ ಮಾತು ಬಿಟ್ಟಾನ. ನಾಳಿ ಆ ಕಡಿ ಒಂಚೂರು ಓಡಿ ಬರ್ತೀಯೇನು?"

೩. ತಾಯಿ

ಬಳ್ಳಾರಿಗೆ ಮರಳಿದ ಮೇಲೆ ಮೊಣಕಾಲಿನ ಬಾವನ್ನು ಹೆಂಡತಿಯಿಂದ ಮುಚ್ಚಿಟ್ಟೆ. ತಾಯಿಯಿಂದ ಆಗಲಿಲ್ಲ. ಮಲಗಿದಲ್ಲೇ ನನ್ನ ಹೆಜ್ಜೆ ಕೇಳಿ ನೋವು ಅಳೆಯುತ್ತಿದ್ದಳು. ಓಟದ ಮುನ್ನಾದಿನ ಹತ್ತಿರ ಕರೆದು ಅಂದಳು: "ಮಗಾ, ನಾ ಈಗ ಹೋದ್ರ ನಿನ್ನ ಓಟ ತಪ್ತೈತಿ. ಮುಗಿಸ್ಕೊಂಡು ಬಾ. ಅಲ್ಲೀಮಟ ನಾ ಎಲ್ಲೂ ಹೋಗಂಗಿಲ್ಲ."

"ಹಂಗಾದ್ರ ಪ್ರತಿ ವರ್ಷ ಓಡ್ತೀನಿ ಬಿಡವ್ವಾ."

"ಹುಚ್ಚಪ್ಪಾ, ನಿನ್ನ ಪಿಂಚಣಿ ಮಟ ನಾ ಹಿಂಗ ಮಲಗಿರ್ಲೇನು?"

೪. ಬೆನ್ನು

ಸಂಗನಕಲ್ಲು ದಾಟಿ ಹೋಗಿ, ತಿರುಗಿ ಬಳ್ಳಾರಿಗೆ ಬರುವ ಓಟ. ಇನ್ನೊಂದು ಮೈಲಿ ಇದೆ ಎನ್ನುವಾಗ ಮೊಣಕಾಲು ಹಿಡಿದುಕೊಂಡಿತು. ಹೆಜ್ಜೆ ಮುಂದಿಟ್ಟರೆ ಚಾಕು ಹಾಕಿದಂತೆ. ಜೊತೆಯವರು ಕಣ್ಮರೆಯಾಗಿದ್ದರು. ರಸ್ತೆಯ ನಡುವೆ ನಿಂತು ಶಿವಶಿವಾ ಎಂದೆ. ನನಗಿಂತ ಹಿಂದೆ ಯಾರಾದರೂ ಉಳಿದಿದ್ದಾರೋ ಎಂದು ತಿರುಗಿ ನೋಡುತ್ತ, ಹಾಗೆಯೇ ಹಿಂದಕ್ಕೆ ಎರಡು ಹೆಜ್ಜೆ ಇಟ್ಟೆ. ನೋವಿಲ್ಲ! ಇನ್ನೆರಡು ಇಟ್ಟೆ. ಇಲ್ಲ!

ಬಳ್ಳಾರಿಗೆ ಬೆನ್ನು ಮಾಡಿ, ಹಿಮ್ಮುಖವಾಗಿ ಓಡತೊಡಗಿದೆ.

ಗಡಿಯಾರ ಹಿಡಿದು ಗೆರೆಯ ಬಳಿ ನಿಂತಿದ್ದ ಸಾಹೇಬರಿಗೆ ದೂರದಿಂದ ಕಂಡದ್ದು ನನ್ನ ಬೆನ್ನು. "ಯಾವನ್ಲೇ ಅವ, ಓಟ ಬಿಟ್ಟು ಓಡಿಹೋಗಾಕ ಹತ್ಯಾನ? ಹಿಡೀರಿ!"

ಇಬ್ಬರು ಪೇದೆಗಳು ಓಡಿ ಬಂದು ನಡುದಾರಿಯಲ್ಲಿ ಬೆರಗಾಗಿ ನಿಂತರು. "ಸಾಹೇಬ್ರ, ಓಡಿಹೋಗಾಕ ಹತ್ಯಾನ ಖರೆ. ಆದ್ರ ಹತ್ರ ಬರಾಕ ಹತ್ಯಾನ್ರಿ!"

ಎರಡು ನಿಮಿಷ ಉಳಿದಿರುವಾಗ ನನ್ನ ಬೆನ್ನು ಗೆರೆ ದಾಟಿತು. ಹಿಂದೆಯೇ ನಾನು ಬಿದ್ದೆ.

ಗುಮಾಸ್ತ ಪೆನ್ನು ಹಿಡಿದು ಕೇಳಿದ: "ಇದನ್ನ ಓಟ ಅಂತ ಬರೀಲೇನ್ರಿ?"

ಸಾಹೇಬರು ನಿಯಮದ ಕಾಗದ ತರಿಸಿ ಎರಡು ಸಲ ಓದಿದರು. "ಮುಖ ಯಾವ ಕಡಿ ಇರಬೇಕು ಅಂತ ಬರದಿಲ್ಲ. ಪಾಸು" ಎಂದರು. ಆಮೇಲೆ ನನ್ನ ಕಡೆ ಬಗ್ಗಿದರು. "ಲೇ, ಹಿಂಗ ಓಡಿ ಕಳ್ಳನ್ನ ಹ್ಯಾಂಗ ಹಿಡೀತಿ?"

ನೆಲದ ಮೇಲಿಂದಲೇ ಹೇಳಿದೆ: "ಕಳ್ಳನ ಮುಂದ ಓಡ್ತೀನ್ರಿ ಸಾಹೇಬ್ರ. ಮುಖದ ಗುರುತಾದ್ರೂ ಸಿಗ್ತೈತಿ."

ನಿಮ್ಮ ಓಣಿಯಲ್ಲಿ ಕಾಲು ಕೆಟ್ಟು ಗೋಡೆ ನೋಡುತ್ತ ಮಲಗಿದವರಿದ್ದರೆ, ಹೋಗಿ ಪಕ್ಕದಲ್ಲಿ ಕುಳಿತು ಇದನ್ನು ಹೇಳಿರಿ. ಅವರು ನಕ್ಕರೆ, ಮುಂದಿನವರಿಗೆ ಹೇಳುವ ಕೆಲಸ ಅವರಿಗೇ ಬಿಡಿರಿ.