ನಕ್ಷತ್ರ ನೋಡಲು ಹೋದ ಶನಿವಾರಗಳು

ಚಿತ್ರದುರ್ಗದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಕೆಲವು ವರ್ಷಗಳ ಹಿಂದೆ ಹುಚ್ಚು ಹತ್ತಿ ಒಂದು ಟೆಲಿಸ್ಕೋಪ್ ಕೊಂಡೆ. ಅಂದಿನಿಂದ ತಿಂಗಳಿಗೊಂದು ಶನಿವಾರ ನಾನೂ ನನ್ನ ಗೆಳೆಯ ಹೈಸ್ಕೂಲ್ ಮೇಷ್ಟ್ರೂ ಊರ ದೀಪಗಳಿಂದ ದೂರ ಎಲ್ಲಾದರೂ ಹೋಗಿ ಡೇರೆ ಹಾಕುತ್ತೇವೆ. ಆಕಾಶದಲ್ಲಿ ಎಲ್ಲವೂ ಅದರ ಪಾಡಿಗೆ ಸರಿಯಾಗಿಯೇ ನಡೆಯುತ್ತಿರುತ್ತದೆ. ಎಡವಟ್ಟೆಲ್ಲ ನೆಲದ ಮೇಲೆ.

ಮಂಗಳ

ಮೊದಲ ಸಲ ಹೊಳಲ್ಕೆರೆ ಕಡೆಯ ಒಂದು ಗುಡ್ಡದ ಬುಡಕ್ಕೆ ಹೋದೆವು. ಮೇಷ್ಟ್ರ ಹೆಂಡತಿಯೂ ಬಂದಿದ್ದರು. ಮೇಷ್ಟ್ರು ಪಾಠ ಮಾಡುವುದು ಇತಿಹಾಸ. ಆದರೆ ಆ ವಾರವಿಡೀ ಗ್ರಹಗಳ ಬಗ್ಗೆ ಓದಿಕೊಂಡಿದ್ದರು. ನಾವು ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಇಳಿಯುತ್ತಲೇ ಮೇಷ್ಟ್ರು ಗುಡ್ಡದ ನೆತ್ತಿಗೆ ಬೆರಳು ತೋರಿಸಿ, "ಅಲ್ಲಿ ಕೆಂಪಗೆ ಕಾಣ್ತೈತಲ್ಲ, ಅದೇ ಮಂಗಳ" ಅಂದರು.

"ಅದ್ಯಾಕ್ರೀ ಹತ್ತಿ ಹತ್ತಿ ಆರ್ತೈತೆ?" ಎಂದು ಹೆಂಡತಿ ಕೇಳಿದರು.

"ಗಾಳಿಯ ಪದರ ದಾಟಿ ಬರ್ಬೇಕಲ್ಲ, ಹಂಗೇ ಇರ್ತೈತೆ."

ಆಕೆ ತಮ್ಮನ ಕುಜದೋಷ ನೆನೆದು ಕೈ ಮುಗಿದರು. ನನಗೂ ಎಲ್ಲ ಹೊಸದು, ತಲೆಯಾಡಿಸಿದೆ. ಬೆಳಗಾದ ಮೇಲೆ ನೋಡಿದರೆ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಒಂದು ದೊಡ್ಡ ಫ್ಯಾನು, ಅದರ ನೆತ್ತಿಯಲ್ಲಿ ಒಂದು ಕೆಂಪು ದೀಪ. ಆಕೆ ಟೀ ಲೋಟ ಹಿಡಿದು ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ರೀ, ಏಳ್ರಿ. ನಿಮ್ಮ ಮಂಗಳಕ್ಕೆ ಮೂರು ರೆಕ್ಕೆ ಬಂದವೆ."

ನಕ್ಷೆ

ಹೊಸದುರ್ಗ ತಾಲ್ಲೂಕಿನಲ್ಲಿ, ಹಾಲುರಾಮೇಶ್ವರದಿಂದ ಆಚೆ, ಒಂದು ಪಾಳು ಮಂಟಪದ ಪಕ್ಕ ಒಳ್ಳೆ ಬಯಲು ಸಿಕ್ಕಿತು. ಅವತ್ತು ಅಮಾವಾಸ್ಯೆ, ನಕ್ಷತ್ರ ನೋಡುವವರಿಗೆ ಅದಕ್ಕಿಂತ ಒಳ್ಳೆ ದಿನವಿಲ್ಲ. ನೆಲ ಗಟ್ಟಿಯಿದ್ದುದರಿಂದ ಡೇರೆಯ ಗೂಟಕ್ಕೆ ಹಾರೆಯಲ್ಲಿ ಕುಳಿ ತೋಡುತ್ತಿದ್ದೆವು. ಅಷ್ಟರಲ್ಲಿ ಬ್ಯಾಟರಿ ಹಿಡಿದುಕೊಂಡು ಊರಿನ ಏಳೆಂಟು ಜನ ಬಂದು ಸುತ್ತ ನಿಂತರು. ಮುಂದೆ ಊರಿನ ಯಜಮಾನರು.

"ಏನ್ ಅಗೀತಾ ಇದೀರಿ?"

"ಡೇರೆ ಹಾಕ್ತಾ ಇದೀವ್ರಿ."

"ಅಮಾಸೆ ದಿನ, ಪಾಳು ಮಂಟಪದ ಪಕ್ಕ ಡೇರೆ. ಆಗ್ಲಿ. ಚೀಲ ಬಿಚ್ರಿ."

ಬಿಚ್ಚಿದೆ. ಮೊದಲು ಚಿತ್ರಾನ್ನಕ್ಕೆಂದು ತಂದ ನಿಂಬೆಹಣ್ಣು ಬಂತು. ಆಮೇಲೆ ಒಲೆ ಹೊತ್ತಿಸಲು ತಂದ ಕರ್ಪೂರ ಬಂತು. ಜನ ಮುಖ ಮುಖ ನೋಡಿಕೊಂಡರು. ಕೊನೆಗೆ ಮಡಚಿದ ದೊಡ್ಡ ಹಾಳೆ ಬಂತು. ಇದೇನು ಅಂತ ಕೇಳಿದಾಗ ಮೇಷ್ಟ್ರು ಗಾಬರಿಯಲ್ಲಿ ನಕ್ಷತ್ರಗಳ ನಕ್ಷೆ ಅನ್ನುವ ಬದಲು "ನಕ್ಷೆ" ಅಂತಷ್ಟೇ ಅಂದುಬಿಟ್ಟರು.

"ನಿಧಿ ತೆಗೆಯೋರೇ ಕಣ್ರಪ್ಪ, ನಕ್ಷೆ ಸಮೇತ ಬಂದವ್ರೆ" ಎಂದು ಹಿಂದಿನಿಂದ ಯಾರೋ ಅಂದರು.

ಇನ್ನೇನು ಸ್ಟೇಷನ್ನಿಗೆ ಫೋನ್ ಹೋಗಬೇಕು, ನಾನು ಬೇಗ ಬೇಗ ಟೆಲಿಸ್ಕೋಪ್ ನಿಲ್ಲಿಸಿ ಯಜಮಾನರ ಕೈ ಹಿಡಿದು ಕರೆತಂದೆ. ಅವರು ಕೃತ್ತಿಕೆಯನ್ನು ನೋಡಿದರು. ಬರಿಗಣ್ಣಿಗೆ ಒಂದು ಹಿಡಿಯಿದ್ದದ್ದು ಅದರಲ್ಲಿ ರಾಶಿಯಾಗಿ ಕಂಡಿತು. ಅವರ ದನಿ ಮೆತ್ತಗಾಯಿತು, ನಮ್ಮ ಮೇಲಿನ ಅನುಮಾನವೂ ಹೋಯಿತು. ಎಲ್ಲರನ್ನೂ ಊರಿಗೆ ಕಳಿಸಿ, ತಾವೊಬ್ಬರೇ ಉಳಿದು, ನನ್ನ ಕಿವಿಯ ಹತ್ತಿರ ಬಂದರು.

"ಅಷ್ಟು ಮೇಲಿಂದು ಕಾಣ್ತೈತೆ ಅಂದ್ರೆ, ನೆಲದ ಕೆಳಗಿಂದು ಕಾಣ್ದೇ ಇರ್ತೈತಾ? ನಮ್ಮ ಹೊಲದಾಗೆ ಒಂದ್ಸಲ ಬಗ್ಗಿಸಿ ನೋಡಾಣ ಬರ್ರಿ."

ನಂಬರು

ಹಿರೇಗುಂಟನೂರಿನ ಬಳಿ ಇಳಿದಾಗ ಯಾರೋ ನನ್ನ ಗುರುತು ಹಿಡಿದರು. ಕನ್ನಡಕದ ಅಂಗಡಿಯವರು ದೊಡ್ಡ ಮಿಷನ್ ತಂದವ್ರೆ ಎಂದು ಸುದ್ದಿಯಾಯಿತು. ಸಂಜೆಗೆ ಸಾಲು ನಿಂತಿತು. ಇದು ಕಣ್ಣಿನ ಶಿಬಿರ ಅಲ್ಲ ಎಂದರೆ ಯಾರೂ ಕದಲಲಿಲ್ಲ. ಸರಿ, ಅರ್ಧಚಂದ್ರನಿದ್ದ, ತೋರಿಸುತ್ತಾ ಹೋದೆ. ಒಬ್ಬ ಅಜ್ಜಿ ಬಹಳ ಹೊತ್ತು ಕಣ್ಣಿಟ್ಟು ನಿಂತಿತು.

"ಏನ್ ಕಾಣ್ತೈತಜ್ಜಿ?"

"ಚಂದ್ರಪ್ಪ. ಮೈಯೆಲ್ಲಾ ತೂತು ಬಿದ್ದೈತೆ."

"ಸರಿಯಾಗೇ ಕಾಣ್ತೈತೆ ಬಿಡು."

ಅಜ್ಜಿ ಒಪ್ಪಲಿಲ್ಲ. "ಬರಿಗಣ್ಣಿಗೆ ನುಣ್ಣಗವನೆ. ಈ ನಂಬರ್ ನಂಗೆ ಆಗಲ್ಲ ಕಣಪ್ಪ, ಬೇರೆ ಹಾಕು."

ಅತಿಥಿ

ಹಿರಿಯೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಹಳೆಯ ಗಿರಾಕಿಯೊಬ್ಬರು, ಬಬ್ಬೂರಿನ ಆಚೆ ಇರುವ ತಮ್ಮ ತೋಟದಲ್ಲೇ ಡೇರೆ ಹಾಕಿ ಎಂದು ಕರೆದರು. ಅವರಿಗೆ ಸಾಡೇಸಾತಿ ನಡೆಯುತ್ತಿತ್ತು. ಅಂಗಡಿಯ ಗೋಡೆ ಕುಸಿದದ್ದು, ಬಚ್ಚಲಲ್ಲಿ ಜಾರಿ ಕಾಲು ಮುರಿದದ್ದು, ಮಗಳಿಗೆ ಬಂದ ಸಂಬಂಧ ತಪ್ಪಿದ್ದು, ಎಲ್ಲ ಶನಿಯ ಕೆಲಸ ಎಂದು ಅವರು ನಂಬಿದ್ದರು. ಜ್ಯೋತಿಷಿಗಳು ಹೇಳಿದ ಒಂದೊಂದು ಉಂಗುರ ಸೇರಿ ಎರಡೂ ಕೈ ತುಂಬಿತ್ತು.

ಊಟ ಮುಗಿಸಿ ಟೆಲಿಸ್ಕೋಪ್ ತಿರುಗಿಸಿದೆ. "ಈಗ ಯಾವ್ದು ತೋರಿಸ್ತೀರಿ?" ಅಂದರು.

"ಶನಿ."

ಅವರು ಟವಲು ತಲೆಗೆ ಹೊದ್ದುಕೊಂಡು ಪಂಪ್‌ಹೌಸಿನ ಹಿಂದಕ್ಕೆ ಹೋಗಿ ಕುಂತರು. ಅಲ್ಲಿಂದಲೇ ದನಿ ಬಂತು: "ವರ್ಷಗಟ್ಲೆ ಅವನ ಕಣ್ಣು ತಪ್ಪಿಸಿ ಓಡಾಡ್ತಿದೀನಿ. ನೀವು ನಮ್ಮ ತೋಟಕ್ಕೇ ಕರ್ಕಂಡು ಬಂದ್ರಲ್ರೀ."

ಅವರ ಹೆಂಡತಿಗೆ ಆ ಭಯವಿರಲಿಲ್ಲ. ಬಗ್ಗಿ ನೋಡಿ, "ಬರ್ರಿ, ಏನೂ ಮಾಡಲ್ಲ. ಕಡ್ಲೆಕಾಳಿನಷ್ಟು ಅವನೆ" ಎಂದು ಕರೆದರು. ಮೇಷ್ಟ್ರೂ ಕರೆದರು. ಸುಮಾರು ಹೊತ್ತಾದ ಮೇಲೆ ಅವರು ಟವಲಿನೊಳಗೇ ಬಂದು, ದೇವರಿಗೆ ಕೈ ಮುಗಿದು, ಒಂದು ಕಣ್ಣು ಇಟ್ಟರು. ಆಮೇಲೆ ತೆಗೆಯಲೇ ಇಲ್ಲ. ನೋಡುತ್ತ ನೋಡುತ್ತ ಟವಲು ಹೆಗಲಿಗೆ ಜಾರಿತು. ಹೆದರಿದ್ದಾರೋ ಏನೋ ಎಂದು ನಾನು ಭುಜ ಮುಟ್ಟಿದೆ.

ಅವರು ನೆಟ್ಟಗೆ ನಿಂತು ನಿಟ್ಟುಸಿರು ಬಿಟ್ಟರು.

"ಇವನೂ ಉಂಗುರ ಹಾಕ್ಕಂಡವ್ನಲ್ರೀ. ಪಾಪ, ಇವನಿಗೆ ಯಾರ ಕಾಟವೋ."