ಅತ್ತೆಯ ಹಾಡು ಮತ್ತು ನಾಲ್ಕರ ಬಸ್ಸು

ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕಿ ಗೆದ್ದು ಬಂದ ಹೊಗೆಸೊಪ್ಪಿನ ರೈತ ಇಡೀ ಗಾವಡಗೆರೆ ಹೋಬಳಿಯಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ! ಹೀಗಂತ ಊರವರು ಯಾರೂ ಹೇಳುವುದಿಲ್ಲ, ನಾನೇ ಹೇಳಿಕೊಳ್ಳುತ್ತೇನೆ. ಆ ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ‘ಹೊಸ ಫರ್ಮ್‌ವೇರ್ ಬಂದಿದೆ, ಹಾಕಿಕೊಂಡರೆ ಕಂಪ್ಯೂಟರ್ ಚುರುಕಾಗುತ್ತದೆ’ ಎಂಬ ಸೂಚನೆ ಕಂಡ ಕೂಡಲೇ ಎದೆಯುಬ್ಬಿಸಿ ಹೆಂಡತಿಯನ್ನು ಕರೆದೆ.

“ಸುನಂದಾ, ಇವತ್ತು ನೋಡ್ತಿರು! ನಿಮ್ಮವ್ವನ ಹಾಡೆಲ್ಲ ಗಾಳಿ ಓದಂಗೆ ಓಯ್ತವೆ!”

“ಮೊದ್ಲು ಬ್ಯಾರನ್‌ಗೆ ಸೌದೆ ಆಕ್ಬನ್ನಿ” ಅಂದಳು ಅವಳು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ನಮ್ಮ ಗೂಡುಮನೆ.

ಹಾಡಿನ ವಿಷಯ ಹೇಳಿಬಿಡುತ್ತೇನೆ. ನಮ್ಮತ್ತೆ ಚಿಕ್ಕಬೀರಮ್ಮ ಎಚ್.ಡಿ. ಕೋಟೆ ಕಡೆಯವರು, ಅಂತರಸಂತೆ ಹತ್ತಿರದ ಊರು. ಗೌರಿ ಹಬ್ಬಕ್ಕೆ ಬಂದವರು ಹಬ್ಬ ಮುಗಿದರೂ ಹೊರಟಿರಲಿಲ್ಲ. ಅವರಿಗೆ ರಾಶಿ ಸೋಬಾನೆ ಪದ ಬರುತ್ತವೆ. ಸುನಂದಾ ದಿನಾ ಅವ್ವನನ್ನು ಕೂರಿಸಿ ಹಾಡಿಸಿ, ಮೊಬೈಲಿನಲ್ಲಿ ವಿಡಿಯೋ ಹಿಡಿದು, ಕಂಪ್ಯೂಟರಿಗೆ ತುಂಬಿಟ್ಟಿದ್ದಳು. ಅದನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟರೆ ಊರಿಗೆ ಒಯ್ದು ಅಕ್ಕ ಕುಳ್ಳಮ್ಮನಿಗೆ ಟಿವಿಯಲ್ಲಿ ತೋರಿಸುವುದು ಅತ್ತೆಯ ಆಸೆ. “ಆಡು ಕೈಗೆ ಬರಗಂಟ ನಾನು ಒಸ್ಲು ದಾಟಕ್ಕಿಲ್ಲ” ಎಂದು ಶಪಥ ಬೇರೆ ಮಾಡಿದ್ದರು!

ನನಗೆ ಬೇಕಾಗಿದ್ದು ಅವರು ಹೊಸಿಲು ದಾಟುವುದೇ. ಅತ್ತೆ ಕೆಟ್ಟವರಲ್ಲ, ದೇವರಂಥವರು. ಆದರೆ ದೇವರು ಯಾವಾಗಲೂ ಜಗಲಿಯಲ್ಲೇ ಕೂತಿದ್ದರೆ ಮನುಷ್ಯ ಇಸ್ಪೀಟು ಆಡುವುದೆಲ್ಲಿ? ನನ್ನ ಗೆಳೆಯರು ಬೀದಿ ತುದಿಯಲ್ಲಿ ಅತ್ತೆಯ ಸೀರೆ ಬಣ್ಣ ಕಂಡರೆ ಸಾಕು, ಹಾಗೇ ತಿರುಗಿ ಹೋಗುತ್ತಿದ್ದರು. ಸಾಲದ್ದಕ್ಕೆ ನಾನು ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸಲು ಹೋದರೆ ಹಿಂದೆಯೇ ಬಂದು, “ಉರಿ ಜಾಸ್ತಿಯಾಯ್ತು ಅಳಿಯಂದ್ರೇ” ಅನ್ನುವುದು. ಉರಿ ತಗ್ಗಿಸಿದರೆ, “ಇದೇನು, ಒಲೆ ಮಲಗಿಬುಡ್ತಲ್ಲ!” ಅನ್ನುವುದು. ನಾಲ್ಕು ಗಂಟೆ ಬಸ್ಸಿಗೆ ಅವರು ಹೊರಟರೆ ಸಂಜೆಗೆ ಜಗಲಿ ನನ್ನದು. ಲೆಕ್ಕ ಅಷ್ಟೇ.

ಅಪ್ಡೇಟು ಸಾಮಾನ್ಯದ ಕೆಲಸವಲ್ಲ. ಬ್ಯಾರನ್ನಿಗೆ ಮೊದಲ ಬೆಂಕಿ ಇಡುವಾಗ ಪೂರ್ವಕ್ಕೆ ತಿರುಗಿ ಕೈಮುಗಿಯುವ ಮನೆತನ ನಮ್ಮದು. ಇಂಥ ಮಹತ್ಕಾರ್ಯಕ್ಕೆ ಕಂಪ್ಯೂಟರ್ ಪಶ್ಚಿಮಕ್ಕೆ ಮುಖ ಹಾಕಿಕೊಂಡು ಕೂತರೆ ಹೇಗೆ? ಡಬ್ಬವನ್ನು ಎತ್ತಿ ಪೂರ್ವಕ್ಕೆ ತಿರುಗಿಸಿದೆ. ಊದುಬತ್ತಿ ಹಚ್ಚಿದೆ. ಹಾರ್ಡ್ ಡಿಸ್ಕಿನ ವೈರು ಗಿಡ್ಡ, ಈಗ ಆಚೆಗೆ ತಿರುಗಿದ್ದ ಮುಂದಿನ ತೂತಿಗೆ ಎಟುಕಲಿಲ್ಲ. ಹಿಂದುಗಡೆ ಕೈಗೆ ಸಿಕ್ಕ ತೂತಿಗೆ ಚುಚ್ಚಿದೆ. ತೂತು ಯಾವುದಾದರೇನು, ಹಾಡು ಹೋದರೆ ಸರಿ!

ಅಪ್ಡೇಟು ಸುಸೂತ್ರವಾಗಿ ಮುಗಿಯಿತು. ಕಂಪ್ಯೂಟರು ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಜಯಘೋಷ ಮಾಡುತ್ತಾ ಹಾಡುಗಳನ್ನು ಡಿಸ್ಕಿಗೆ ಬಿಟ್ಟೆ. ಆಗಲೇ ಹನ್ನೊಂದು ಗಂಟೆ, ಪರದೆಯ ಮೇಲೆ ನೋಡಿದರೆ ‘ಆರು ಗಂಟೆ ಬಾಕಿ’!

“ಏನಾಯ್ತು ಅಳಿಯಂದ್ರೇ?” ಅತ್ತೆ ಇಣುಕಿದರು.

“ಏನಿಲ್ಲ ಅತ್ತೆ, ಈಗಷ್ಟೇ ಓಟ ಕಲೀತಾ ಐತೆ.”

ಹುಣಸೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯ ವಸಂತನಿಗೆ ಫೋನ್ ಹಚ್ಚಿದೆ. “ಫರ್ಮ್‌ವೇರಿಂದೇ ಕಿತಾಪತಿ ಕಣ್ಲಾ. ಹಳೇದನ್ನೇ ವಾಪಸ್ ಹಾಕು” ಅಂದ. ಹಾಕಿದೆ. ಮೊದಲಿಂದ ಹಾಡು ಬಿಟ್ಟೆ. ಮತ್ತೆ ಆರು ಗಂಟೆ! “ಅಂಗಾರೆ ವೈರಸ್ ಕಾವಲು ಆಫ್ ಮಾಡ್ಲಾ” ಅಂದ. ಮಾಡಿದೆ. “ಸೆಟಿಂಗ್ಸಲ್ಲಿ ಕರೆಂಟ್ ಉಳಿಸೋದನ್ನ ತೆಗೀಲಾ” ಅಂದ. ತೆಗೆದೆ. ಈಗ ಪರದೆಯ ಮೇಲೆ ಏಳು ಗಂಟೆ! ನಾನು ಎಷ್ಟು ಮುತುವರ್ಜಿ ವಹಿಸಿದರೆ ಅದಕ್ಕೆ ಅಷ್ಟು ಸೋಮಾರಿತನ. “ಅಂಗಡಿಗೇ ತಂದ್ಬುಡ್ಲಾ” ಎಂದು ವಸಂತ ಕೈ ತೊಳೆದುಕೊಂಡ.

ಅತ್ತೆ ಹೊಗೆಸೊಪ್ಪಿನ ಶಾಸ್ತ್ರ ತೆಗೆದರು. “ತ್ಯಾವ ಇಡ್ದದೆ ಕಣ್ರೀ. ಅಸಿ ಸೊಪ್ಪು ಬ್ಯಾಗ ಬೇಯ್ತದಾ? ಒಂದೀಟು ಬಿಸ್ಲು ತೋರ್ಸಿ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಡಿಸ್ಕನ್ನು ಕಿತ್ತು ಅಂಗಳದಲ್ಲಿ, ಒಣಮೆಣಸಿನಕಾಯಿ ಹರವಿದ್ದ ಚಾಪೆಯ ಮೇಲಿಟ್ಟೆ. ಕೋಳಿಯೊಂದು ಬಂದು ಅದನ್ನು ಕುಕ್ಕಿ ನೋಡಿತು. ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ, ಮೆಣಸಿನಕಾಯಿ ತುಳಿದು ಜಾರಿ, ಅದರ ಮೇಲೇ ಕೈಯೂರಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡೆ! ಅಯ್ಯಯ್ಯೋ! ಮುಂದಿನ ಅರ್ಧ ಗಂಟೆ ಬಾವಿಕಟ್ಟೆಯ ಬಳಿ ಬಗ್ಗಿ ನಿಂತಿದ್ದೆ. ಅತ್ತೆ ನೀರು ಹುಯ್ಯುತ್ತಾ ಸಮಾಧಾನ ಹೇಳಿದರು.

“ಪಾಪ, ನನ್ನ ಆಡಿಗೋಸ್ಕರ ಎಷ್ಟು ಕಷ್ಟ ಪಡ್ತೀರಿ ಅಳಿಯಂದ್ರೇ! ಆಗ್ದಿದ್ರೆ ಬುಡಿ, ನಾನು ಇನ್ನೊಂದು ವಾರ ಇದ್ದೇ ಓಯ್ತೀನಿ.”

“ಬೇಡ ಬೇಡ! ಆಯ್ತದೆ!” ಎಂದು ಕಣ್ಣು ಮುಚ್ಚಿಕೊಂಡೇ ಕಿರುಚಿದೆ.

ಇಷ್ಟೆಲ್ಲ ನಡೆಯುವಾಗ ಸುನಂದಾ ಏನು ಮಾಡುತ್ತಿದ್ದಳು? ಬಾಗಿಲಿಗೆ ಒರಗಿ ನಿಂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಒಂದು ಮಾತಿಲ್ಲ!

ಮೂರು ಗಂಟೆ ಹತ್ತಿರವಾಗಿತ್ತು. ನನಗೆ ರೇಗಿಹೋಯಿತು. ಪೂರ್ವವೂ ಬೇಡ, ಪುಣ್ಯವೂ ಬೇಡ ಎಂದು ಡಬ್ಬವನ್ನು ಸರಕ್ಕನೆ ಮೊದಲಿದ್ದ ಹಾಗೇ ಕೂರಿಸಿದೆ. ವೈರು ಈಗ ಮುಂದಿನ ನೀಲಿ ತೂತಿಗೆ ಎಟುಕಿತು, ಚುಚ್ಚಿದೆ. ಕೊನೆಯ ಸಲ ಎಂದು ಹಾಡು ಬಿಟ್ಟೆ. ‘ಮುಕ್ಕಾಲು ಗಂಟೆ ಬಾಕಿ’ ಅಂದಿತು ಪರದೆ! ನೋಡನೋಡುತ್ತಲೇ ಅರ್ಧ ಗಂಟೆಗೆ ಇಳಿಯಿತು! ಫರ್ಮ್‌ವೇರು ಪಾಪ, ಏನೂ ಮಾಡಿರಲಿಲ್ಲ. ಹಿಂದಿನ ಕಪ್ಪು ತೂತು ಎತ್ತಿನಗಾಡಿ ದಾರಿ, ಮುಂದಿನ ನೀಲಿ ತೂತು ಡಾಂಬರು ರಸ್ತೆ. ನಾನು ಹಾಡನ್ನು ಬೆಳಗಿನಿಂದ ಗಾಡಿ ಹತ್ತಿಸಿದ್ದೆ.

“ಗೆದ್ದೆ!” ಎಂದು ಕೂಗಿಕೊಂಡೆ. ಅತ್ತೆ ಸಂಭ್ರಮದಿಂದ ಬಟ್ಟೆ ಮಡಚಿದರು, ಮೊಬೈಲಿನಲ್ಲಿ ಯಾರಿಗೋ ಸುದ್ದಿ ಮುಟ್ಟಿಸಿದರು. ನಾನು ಅಡುಗೆಮನೆಗೆ ನುಗ್ಗಿದೆ. ಸುನಂದಾ ಅವ್ವನ ದಾರಿಗೆಂದು ರೊಟ್ಟಿ ಕಟ್ಟುತ್ತಿದ್ದಳು.

“ಏನೇ, ಗಂಡನ್ನ ಒಗಳಾಕೆ ಬಾಯಿ ಬರಾಕಿಲ್ವಾ? ನೀಲಿ ತೂತಲ್ಲಿತ್ತು ಕಣೇ ಮರ್ಮ!”

“ನಂಗೆ ಬೆಳಿಗ್ಗೆನೇ ಗೊತ್ತಿತ್ತು ಕಣ್ರೀ. ನಾನು ಯಾವಾಗ್ಲೂ ಅದ್ಕೇ ತಾನೇ ಚುಚ್ಚೋದು.”

“ಗೊತ್ತಿದ್ದೂ ಬಾಯಿ ಬುಡ್ಲಿಲ್ವಲ್ಲ! ಕಣ್ಣಿಗೆ ಖಾರ ಬಿದ್ರೂ ಸುಮ್ಕಿದ್ದೆಯಲ್ಲ!”

ಅವಳು ತಲೆ ಎತ್ತಲಿಲ್ಲ. “ಬಾಯಿ ಬುಟ್ಟಿದ್ರೆ ಅವ್ವ ಇವತ್ತಿನ ಬಸ್ಸಿಗೇ ಓಗ್ಬುಡ್ತಿದ್ಲು. ಇನ್ನೊಂದಿನ ಇರ್ಲಿ ಅಂತ ಸುಮ್ಕಿದ್ದೆ.”

ನನ್ನ ಗೆಲುವು ಅಲ್ಲೇ ಠುಸ್ಸೆಂದಿತು. ಅವಳು ಅವ್ವನನ್ನು ಒಂದು ದಿನ ಉಳಿಸಿಕೊಳ್ಳಲು ತುಟಿ ಕಚ್ಚಿ ನಿಂತಿದ್ದಾಳೆ, ನಾನು ಅದೇ ಅವ್ವನನ್ನು ಬಸ್ಸು ಹತ್ತಿಸಲು ಬೆಳಗಿನಿಂದ ಕುಣಿದಿದ್ದೇನೆ. ನಿಜಕ್ಕೂ ನಾಚಿಕೆಯಾಯಿತು. ಜಗಲಿಗೆ ಹೋಗಿ, ಈ ಸಲ ಮನಸಾರೆ ಹೇಳಿದೆ.

“ಅತ್ತೆ, ಇವತ್ತೇ ಓಗ್ಲೇಬೇಕಾ? ಇನ್ನೆರಡು ದಿನ ಇದ್ದು ಓಗಿ.”

ಅತ್ತೆ ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಾಯ್ತುಂಬ ನಕ್ಕರು.

“ಇರಾಕಾಯ್ತದಾ ಅಳಿಯಂದ್ರೇ? ನಿಮ್ಮ ಡಬ್ಬ ಈಗ ಬಿರ್ರನೆ ಓಡ್ತದೆ ಅಂತ ನಮ್ಮಕ್ಕಂಗೆ ಫೋನ್ ಮಾಡ್ಬುಟ್ಟೆ. ಅವ್ಳಿಗೆ ನನ್ಗಿಂತ ಎರಡರಷ್ಟು ಪದ ಬತ್ತವೆ. ಓಗಿ ಅವ್ಳನ್ನೂ ಬುಧವಾರ ಕರ್ಕಂಡು ಬತ್ತೀನಿ. ಇಬ್ರೂ ದೀಪಾವಳಿ ಮುಗಿಸ್ಕಂಡೇ ಓಗದು!”